ಫೋನಿನಲ್ಲಿ ಮೂರು ಔಷಧ, ಹೊಲದಲ್ಲಿ ಒಂದೇ ಹುಳು

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು. ಮೂರು ಎಕರೆ ಗೋವಿನಜೋಳ, ಅರ್ಧ ಎಕರೆ ಟೊಮೆಟೊ. ಹೊಲ ನೋಡಿಕೊಳ್ಳುವವರು ಅಪ್ಪ, ಅವರ ಕೈಯಲ್ಲಿರುವುದು ಕೀಪ್ಯಾಡ್ ಫೋನು. ನಾನು ಬೆಂಗಳೂರಿನಲ್ಲಿದ್ದೇನೆ. ಬೆಳೆಗೆ ಏನಾದರೂ ಬಂದರೆ ತಮ್ಮ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಾನೆ, ನಾನು ಆ್ಯಪ್, ಯೂಟ್ಯೂಬ್, ಎಐ ಎಲ್ಲ ಕಡೆ ಹುಡುಕುತ್ತೇನೆ. ಮೂರು ಕಡೆ ಮೂರು ಔಷಧ ಬರುತ್ತವೆ. ಕೊನೆಗೆ ಅಂಗಡಿಯವರು ಕೊಟ್ಟದ್ದನ್ನೇ ಹೊಡೆಯುತ್ತೇವೆ. ಮಳೆ, ರೇಟಿನ ವಿಷಯದಲ್ಲೂ ಇದೇ ಪಾಡು. ಯಾವುದನ್ನು ಯಾವುದಕ್ಕೆ ನಂಬಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಜಾತಿಯ ಮಾಹಿತಿ ಬೆರೆತಿದೆ. ಮಳೆ ಎಷ್ಟು ಬಿತ್ತು, ರಾಣೆಬೆನ್ನೂರು ಎಪಿಎಂಸಿಯಲ್ಲಿ ನಿನ್ನೆ ಎಷ್ಟಕ್ಕೆ ಹೋಯಿತು, ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂಬುವನ್ನೆಲ್ಲ ಯಾರೋ ಅಳೆದು ಬರೆದಿಟ್ಟಿದ್ದಾರೆ. ಅದನ್ನು ತಂದುಕೊಡುವುದರಲ್ಲಿ ಫೋನಿನಷ್ಟು ಚುರುಕಾದದ್ದು ಬೇರೆ ಇಲ್ಲ. ಆದರೆ ಗಿಡ ಯಾಕೆ ಬಾಡಿತು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಅದನ್ನು ಗಿಡ ಕಿತ್ತು, ಸೀಳಿ, ಎಲೆ ಮಗುಚಿ ನೋಡಿಯೇ ತಿಳಿಯಬೇಕು. ಆ ಕೆಲಸ ಮುಗಿದ ಮೇಲೆ ಫೋನು ಉಪಯೋಗಕ್ಕೆ ಬರುತ್ತದೆ. ಮೂರು ಕಡೆ ಮೂರು ಔಷಧ ಬರುವುದಕ್ಕೆ ಮುಖ್ಯ ಕಾರಣ, ನೋಡುವ ಕೆಲಸ ಬಿಟ್ಟು ನೇರವಾಗಿ ಔಷಧ ಕೇಳುವುದು.

ಗೋವಿನಜೋಳದಿಂದಲೇ, ಅಂದರೆ ಮೆಕ್ಕೆಜೋಳದಿಂದಲೇ, ಶುರು ಮಾಡೋಣ. ಸುಳಿಯಲ್ಲಿ ಕಟ್ಟಿಗೆ ಪುಡಿಯಂಥ ಹಿಕ್ಕೆ, ಎಲೆ ಬಿಚ್ಚಿದಾಗ ಸಾಲು ತೂತು ಕಂಡರೆ ಊರಲ್ಲಿ ಎಲ್ಲರೂ ಲದ್ದಿ ಹುಳು ಅಥವಾ ಸೈನಿಕ ಹುಳು ಎನ್ನುತ್ತಾರೆ. ಅದೇ ಹೆಸರನ್ನು ಯೂಟ್ಯೂಬ್‌ನಲ್ಲಿ ಹಾಕಿದರೆ ಹಳೆಯ ಸೈನಿಕ ಹುಳುವಿನ ವಿಡಿಯೊಗಳೂ ಬರುತ್ತವೆ. ಈಗ ಕಾಟ ಕೊಡುತ್ತಿರುವ ಫಾಲ್ ಸೈನಿಕ ಹುಳು ಬೇರೆಯೇ. ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಯಾವ ಗೋವಿನಜೋಳದ ವಿಡಿಯೊ, ಕರಪತ್ರ, ಪಿಡಿಎಫ್‌ನಲ್ಲೂ ಈ ಹುಳುವಿನ ವಿಚಾರ ಇರುವುದಿಲ್ಲ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇವೆಯೇ ಎಂದು ತಮ್ಮನಿಗೆ ಹುಳು ಹಿಡಿದು ನೋಡಲು ಹೇಳಿ. ತೂತಾದ ಎಲೆಯ ಫೋಟೊಗಿಂತ ಹುಳುವಿನ ಒಂದು ಸ್ಪಷ್ಟ ಫೋಟೊ ಹತ್ತು ಪಾಲು ಮೇಲು.

ಮುಂದಿನದು ಎಣಿಕೆ. ಇದನ್ನು ಬಹುತೇಕ ವಿಡಿಯೊಗಳು ಹೇಳುವುದೇ ಇಲ್ಲ, ಆದರೆ ಎಣಿಸಿ ನೋಡಿದರೆ ಕೆಲವೊಮ್ಮೆ ಔಷಧವೇ ಬೇಕಾಗುವುದಿಲ್ಲ. ಹೊಲದ ಅಂಚು ಬಿಟ್ಟು ಒಳಗೆ ಐದು ಕಡೆ ನಿಂತು, ಪ್ರತಿ ಕಡೆ 20 ಗಿಡದ ಸುಳಿ ನೋಡಬೇಕು. ಒಟ್ಟು 100 ಗಿಡ. ಪೈರು ಚಿಕ್ಕದಿದ್ದಾಗ 5 ಗಿಡ, ಸುಳಿ ದೊಡ್ಡದಾದ ಮೇಲೆ 10 ಗಿಡ ಹಾನಿಯಾಗಿದ್ದರೆ ಸಿಂಪರಣೆಯ ಯೋಚನೆ ಮಾಡಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮೊಟ್ಟೆಯ ಗುಂಪು ಕಂಡಲ್ಲಿ ಎಲೆ ಚಿವುಟಿ ಹಾಕಿ, ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿದರೆ ಸಾಕು.

ಇನ್ನು ಪ್ರಮಾಣ. ಹೆಚ್ಚಿನ ಅನಾಹುತ ಆಗುವುದು ಇಲ್ಲಿ. ಈ ಹುಳುವಿಗೆ ಶಿಫಾರಸಾದ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ (ಶೇ 18.5 ಶಕ್ತಿಯ ದ್ರವ) ಲೀಟರ್ ನೀರಿಗೆ 0.4 ಮಿ.ಲೀ. ಎಕರೆಗೆ 200 ಲೀಟರ್ ನೀರು ಹಿಡಿದರೆ 80 ಮಿ.ಲೀ., 16 ಲೀಟರಿನ ಪಂಪಿಗೆ ಸುಮಾರು 6.4 ಮಿ.ಲೀ. ಆದರೆ ಶಿಫಾರಸು ಬರೆಯುವವರು ಹೆಕ್ಟೇರ್ ಲೆಕ್ಕದಲ್ಲಿ 200 ಮಿ.ಲೀ. ಎಂದು ಬರೆದಿರುತ್ತಾರೆ. ಅದನ್ನು ಓದಿ ವಿಡಿಯೊ ಮಾಡುವವರು ಎಕರೆ ಎಂದುಬಿಟ್ಟರೆ ನಿಮ್ಮ ಹೊಲಕ್ಕೆ ಎರಡೂವರೆ ಪಟ್ಟು ಔಷಧ ಬೀಳುತ್ತದೆ, ಜೇಬಿಗೂ ಅಷ್ಟೇ ಪಟ್ಟು ಕತ್ತರಿ. ಒಂದು ಹೆಕ್ಟೇರ್ ಎಂದರೆ 2.47 ಎಕರೆ, ಹೆಕ್ಟೇರಿನ ಯಾವ ಲೆಕ್ಕ ಕಂಡರೂ ಎರಡೂವರೆಯಿಂದ ಭಾಗಿಸಿ. ಇದೇ ಔಷಧ 0.4 ಜಿಆರ್ ಎಂಬ ಹರಳಿನ ರೂಪದಲ್ಲೂ ಬರುತ್ತದೆ. ಹೆಸರು ಒಂದೇ, ಆದರೆ ಶಕ್ತಿ, ಹಾಕುವ ರೀತಿ, ತೂಕ ಎಲ್ಲ ಬೇರೆ. ಆದ್ದರಿಂದ ಬರೀ ಹೆಸರು ಬರೆದುಕೊಂಡರೆ ಸಾಲದು, ಪಕ್ಕದ ಅಂಕಿ ಮತ್ತು ಎಸ್‌ಸಿ (ದ್ರವ), ಎಸ್‌ಜಿ (ನೀರಲ್ಲಿ ಕರಗುವ ಹರಳು), ಜಿಆರ್ (ಹರಳು) ಎಂಬ ಅಕ್ಷರಗಳೂ ಬೇಕು. ‘ಪಂಪಿಗೆ ಒಂದು ಮುಚ್ಚಳ’ ಎನ್ನುವ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಿಬಿಡಿ; ಎಲ್ಲ ಬಾಟಲಿಯ ಮುಚ್ಚಳವೂ ಒಂದೇ ಅಳತೆಯದಲ್ಲ. ಮೆಡಿಕಲ್ ಅಂಗಡಿಯಲ್ಲಿ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಿಗುತ್ತದೆ. ಅದನ್ನು ಈ ಕೆಲಸಕ್ಕೇ ಮೀಸಲಿಡಿ.

ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಹೊಡೆದರೂ ಹುಳು ಸಾಯಲಿಲ್ಲ ಎನ್ನುವವರಿದ್ದಾರೆ. ಮಟಮಟ ಮಧ್ಯಾಹ್ನ, ಎಲೆಯ ಮೇಲೆ ಹೊಡೆದಿರುತ್ತಾರೆ. ಹುಳು ಸುಳಿಯೊಳಗೆ ತನ್ನದೇ ಹಿಕ್ಕೆಯ ಮುಚ್ಚಳ ಹಾಕಿಕೊಂಡು ಕೂತಿರುತ್ತದೆ. ಬೆಳಗಿನ ಜಾವ ಅಥವಾ ಸಂಜೆ, ನಾಜಲ್ಲನ್ನು ಸುಳಿಗೆ ಹಿಡಿದು ಹೊಡೆದರೆ ಮಾತ್ರ ತಾಗುತ್ತದೆ. ಹುಳು ಬಲಿತು ದಪ್ಪವಾದ ಮೇಲೆ ಸಿಂಪರಣೆಗಿಂತ ವಿಷ ಪಾಷಾಣವೇ (ವಿಷ ಬೆರೆಸಿದ ತಿನಿಸು) ವಾಸಿ: 10 ಕೆ.ಜಿ. ಅಕ್ಕಿ ತವಡಿಗೆ 2 ಕೆ.ಜಿ. ಬೆಲ್ಲ, 2–3 ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ಹಾಕಿಕೊಂಡು ಸುಳಿಗೆ ಚಿಟಿಕೆ ಚಿಟಿಕೆ ಹಾಕಬೇಕು. ಪಾಷಾಣ ಹಾಕಿದ ಬೆಳೆಯ ಮೇವು ದನಕ್ಕೆ ಹೋಗಬಾರದು, ಕೋಳಿ ಆ ಕಡೆ ಸುಳಿಯಬಾರದು.

ಈಗ ಫೋಟೊ ನೋಡಿ ರೋಗ ಹೇಳುವ ಆ್ಯಪ್‌ಗಳ ವಿಚಾರ. ಪ್ಲಾಂಟಿಕ್ಸ್ ಹಳೆಯದು, ಕೇಂದ್ರ ಸರ್ಕಾರದ ಎನ್‌ಪಿಎಸ್‌ಎಸ್ ಎಂಬ ಕೀಟ ಸಮೀಕ್ಷೆ ವ್ಯವಸ್ಥೆ 2024ರ ಆಗಸ್ಟ್ 15ರಂದು ಶುರುವಾಯಿತು. ಇವು ಕೆಲಸ ಮಾಡುವ ರೀತಿ ತಿಳಿದರೆ ಎಲ್ಲಿ ತಪ್ಪುತ್ತವೆ ಎಂದು ತಾನಾಗಿ ಗೊತ್ತಾಗುತ್ತದೆ. ತಾನು ಕಲಿತ ಸಾವಿರಾರು ಚಿತ್ರಗಳ ಪೈಕಿ ನಿಮ್ಮ ಚಿತ್ರ ಯಾವುದಕ್ಕೆ ಹತ್ತಿರ ಎಂದು ಯಂತ್ರ ನೋಡುತ್ತದೆ. ಕಲಿಯದ ರೋಗ ಎದುರಾದರೂ ಹತ್ತಿರದ ಇನ್ನೊಂದು ಹೆಸರನ್ನು ಧೈರ್ಯವಾಗಿ ಹೇಳಿಬಿಡಬಹುದು. ಗೋವಿನಜೋಳದ ಹೊಸ ಎಲೆಯ ಬುಡದಲ್ಲಿ ನಡುನರದ ಎರಡೂ ಬದಿಗೆ ಬಿಳಿ ಪಟ್ಟಿ ಬಂದರೆ ಅದು ಬಹುಮಟ್ಟಿಗೆ ಸತುವಿನ ಕೊರತೆ; ಯಂತ್ರ ಅದನ್ನು ರೋಗ ಎಂದು ಓದಿ ಶಿಲೀಂಧ್ರನಾಶಕ ಹೇಳಿದರೆ ದುಡ್ಡು ದಂಡ. ಕೊರತೆಯೋ ರೋಗವೋ ಎಂಬ ಅನುಮಾನ ಬಂದಾಗ ಕೇಳಿಕೊಳ್ಳಬೇಕಾದದ್ದು ಇಷ್ಟು: ಮೊದಲು ಬಣ್ಣಗೆಟ್ಟದ್ದು ಹಳೆಯ ಎಲೆಯೋ ಹೊಸ ಎಲೆಯೋ? ಹೊಲದಲ್ಲಿ ಒಂದೇ ಸಮನೆ ಇದೆಯೋ, ಅಲ್ಲೊಂದು ಇಲ್ಲೊಂದು ಗಿಡಕ್ಕೋ? ಒಂದೇ ಎಲೆಯ ಕ್ಲೋಸಪ್‌ನಲ್ಲಿ ಇವೆರಡಕ್ಕೂ ಉತ್ತರವಿಲ್ಲ.

ಟೊಮೆಟೊ ಬಾಡುವುದಂತೂ ಫೋಟೊದಿಂದ ಬಗೆಹರಿಯದ ಕೇಸು. ದುಂಡಾಣುವಿನ ಸೊರಗು, ಶಿಲೀಂಧ್ರದ ಸೊರಗು, ಬೇರು ಗಂಟಿನ ಜಂತು, ಬರೀ ನೀರು ನಿಂತದ್ದು, ಚಿತ್ರದಲ್ಲಿ ನಾಲ್ಕೂ ಒಂದೇ. ಬಾಡಿದ ಗಿಡ ಕಿತ್ತು ಮೊದಲು ಬೇರು ನೋಡಿ, ಗಂಟುಗಳಿದ್ದರೆ ಜಂತು. ಗಂಟಿಲ್ಲದಿದ್ದರೆ ಕಾಂಡದ ಬುಡದಿಂದ ಎರಡು ಮೂರು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ದುಂಡಾಣು ಸೊರಗು. ಎಳೆ ಬರದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡು, ಕೆಳಗಿನ ಎಲೆ ಹಳದಿಯಾಗುತ್ತ ಬಂದಿದ್ದರೆ ಶಿಲೀಂಧ್ರದ ಕಡೆಗೆ ಅನುಮಾನ. ದುಂಡಾಣು ಸೊರಗು ಹತ್ತಿದ ಗಿಡವನ್ನು ಉಳಿಸುವ ಔಷಧ ಇಲ್ಲ. ಯಾವ ಆ್ಯಪ್, ಯಾವ ಅಂಗಡಿ ಹೇಳಿದರೂ ಇಲ್ಲ. ಗಿಡವನ್ನು ಬೇರುಸಹಿತ ಕಿತ್ತು ಹೊಲದಾಚೆ ಸುಡಬೇಕು, ಆ ಸಾಲಿನ ನೀರು ಪಕ್ಕದ ಸಾಲಿಗೆ ಹರಿಯದಂತೆ ಕಟ್ಟಬೇಕು. ಮುಂದಿನ ಬೆಳೆಗೆ ಅಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಗೋವಿನಜೋಳ ಹಾಕಿ. ಮತ್ತೆ ಟೊಮೆಟೊ ಬೇಕೆಂದಾಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್‌ನಂಥ, ಈ ರೋಗ ತಡೆಯುವ ತಳಿ ನೋಡಿ.

ಹಾಗಂತ ಫೋಟೊ ಕಳಿಸುವುದೇ ದಂಡ ಎಂದಲ್ಲ. ಕಳಿಸುವ ರೀತಿ ಬದಲಿಸಿ. ಹೊಲ ಪೂರ್ತಿ ಕಾಣುವ ಒಂದು, ಇಡೀ ಗಿಡದ್ದು ಒಂದು, ಎಲೆಯ ಮೇಲ್ಭಾಗ ಒಂದು, ಎಲೆಯ ಅಡಿ ಒಂದು, ಬೇರು ಅಥವಾ ಸೀಳಿದ ಕಾಂಡ ಒಂದು, ಒಟ್ಟು ಐದು. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ಬೆಳಗ್ಗೆ, ನೆರಳಿನಲ್ಲಿ, ಫ್ಲಾಶ್ ಹಾಕದೆ ತೆಗೆಯಬೇಕು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಎಲೆಯಡಿಯ ಬಿಳಿನೊಣ ಆಗ ಬರೀ ಮಸುಕು ಚುಕ್ಕೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಚಿತ್ರವೇ ಬರುತ್ತದೆ. ಜೊತೆಗೆ ತಳಿ, ನಾಟಿ ಮಾಡಿ ಎಷ್ಟು ದಿನ, ಕೊನೆಯ ನೀರು, ಕೊನೆಯ ಗೊಬ್ಬರ, ಕಳೆದ 15 ದಿನದಲ್ಲಿ ಹೊಡೆದದ್ದು ಏನು ಎಂದು ಬರೆಯಬೇಕು. ಈ ಸಾಮಗ್ರಿ ಕೈಯಲ್ಲಿದ್ದರೆ ಎಐಗಿಂತ ಮೊದಲು ಹೋಗಬೇಕಾದ ಜಾಗ ನಿಮ್ಮ ತಾಲ್ಲೂಕಿನಲ್ಲೇ ಇದೆ: ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ (ಕೆವಿಕೆ), ಧಾರವಾಡ ಕೃಷಿ ವಿ.ವಿ.ಯದು. ತಮ್ಮ ಗಿಡವನ್ನೇ ಬೇರುಸಹಿತ, ಬುಡದ ಮಣ್ಣಿನೊಂದಿಗೆ ಚೀಲದಲ್ಲಿ ಒಯ್ದರೆ ಇನ್ನೂ ಒಳ್ಳೆಯದು.

ಎಐ ಚಾಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ನಮ್ಮ ರೋಗಗಳ ಹೆಸರು ಊರಿಗೊಂದು. ಭತ್ತದ ಬೆಂಕಿ ರೋಗವನ್ನು ಯಂತ್ರ ಪದಶಃ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಬೆಂಕಿ ಬಿದ್ದ ಭತ್ತವಾಗುತ್ತದೆ. ಗೋವಿನಜೋಳ ಎಂದಾಗ ಬಿಳಿಜೋಳದ ಶಿಫಾರಸು ಬಂದರೂ ಆಶ್ಚರ್ಯವಿಲ್ಲ; ಮೆಕ್ಕೆಜೋಳ ಎಂದೂ ಹಾಕಿ ಕೇಳಿ. ಚಾಟ್ ಹೇಳಿದ ಪ್ರಮಾಣವನ್ನು ನೇರವಾಗಿ ಪಂಪಿಗೆ ಹಾಕಬೇಡಿ. ಡಬ್ಬಿಯ ಲೇಬಲ್ ಅಥವಾ ಒಳಗಿನ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರು, ಆ ಕೀಟದ ಹೆಸರು, ಕೊಯ್ಲಿಗೆ ಮೊದಲು ಎಷ್ಟು ದಿನ ಬಿಡಬೇಕು ಎಂಬುದು ಇರಬೇಕು. ಬೆಳೆಯ ಹೆಸರೇ ಇಲ್ಲದಿದ್ದರೆ ಆ ಔಷಧ ಆ ಬೆಳೆಗೆ ನೋಂದಣಿಯಾದದ್ದಲ್ಲ. ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳ ಲೆಕ್ಕ ಟೊಮೆಟೊಗೆ ಮುಖ್ಯ, ಎರಡು ಮೂರು ದಿನಕ್ಕೊಮ್ಮೆ ಕೊಯ್ಯುವ ಬೆಳೆ. ಎಐಗೆ ಒಪ್ಪುವ ಕೆಲಸ ಬೇರೆ ಇದೆ: ಇಂಗ್ಲಿಷ್ ಲೇಬಲ್ಲಿನ ಫೋಟೊ ಹಾಕಿ ‘ಇದರಲ್ಲಿ ಬರೆದದ್ದನ್ನು ಮಾತ್ರ ಕನ್ನಡದಲ್ಲಿ ಹೇಳು’ ಎನ್ನಿ. ಅಂಕಿಗಳನ್ನು ಲೇಬಲ್ಲಿನ ಜೊತೆ ನೀವೇ ತಾಳೆ ನೋಡಿ.

ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಸಂಜೆ ಏಳಕ್ಕೆ ಬಾಗಿಲು ತೆರೆದಿರುವುದು, ಸಾಲ ಕೊಡುವುದು ಅವರೇ. ಅವರ ಹತ್ತಿರ ‘ಹುಳಕ್ಕೆ ಏನಾದರೂ ಕೊಡಿ’ ಎಂದು ಹೋಗುವ ಬದಲು ತಾಂತ್ರಿಕ ಹೆಸರು, ಶೇಕಡಾವಾರು, ಬೇಕಾದ ಮಿ.ಲೀ. ಬರೆದ ಚೀಟಿ ಹಿಡಿದು ಹೋಗಿ, ಬ್ಯಾಚ್ ನಂಬರಿನ ಬಿಲ್ ಪಡೆಯಿರಿ. ‘ಇದರ ಜೊತೆ ಇದೂ ಇರಲಿ’ ಎಂದು ಬರುವ ಟಾನಿಕ್ಕಿನ ಬಾಟಲಿಗಳು ಆಗ ತಾವಾಗಿ ಕಡಿಮೆಯಾಗುತ್ತವೆ.

ಮಳೆಯ ವಿಷಯದಲ್ಲಿ ಮಾಹಿತಿ ಚೆನ್ನಾಗಿದೆ, ಓದುವುದರಲ್ಲಿ ಎಡವುತ್ತೇವೆ. ‘ಜಿಲ್ಲೆಯ ಅಲ್ಲಲ್ಲಿ ಮಳೆ’ ಎನ್ನುವುದಕ್ಕೆ ಹವಾಮಾನ ಇಲಾಖೆಯಲ್ಲಿ ಖಚಿತ ಅರ್ಥ ಇದೆ: ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರವರೆಗೆ ಮಾತ್ರ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ಅಲ್ಲಲ್ಲಿ ಎಂದ ದಿನ ನಿಮ್ಮ ಹೊಲ ಒಣಗಿದ್ದರೆ ಮುನ್ಸೂಚನೆ ಸುಳ್ಳಾದದ್ದಲ್ಲ, ನೀವು ಉಳಿದ ಮುಕ್ಕಾಲು ಪಾಲಿನಲ್ಲಿದ್ದಿರಿ ಅಷ್ಟೆ. ಅಂಥ ಮುನ್ಸೂಚನೆ ನಂಬಿ ಬಿತ್ತುವುದು ಜೂಜು; ಅದನ್ನು ನೋಡಿ ಸಿಂಪರಣೆ ಒಂದು ದಿನ ಮುಂದೂಡುವುದು ಬುದ್ಧಿವಂತಿಕೆ. ತಪ್ಪಿದರೆ ಮೊದಲನೆಯದರಲ್ಲಿ ಬೀಜ, ಗೊಬ್ಬರ ಎರಡೂ ಹೋಗುತ್ತವೆ, ಎರಡನೆಯದರಲ್ಲಿ ಒಂದು ದಿನ ಮಾತ್ರ.

ಹವಾಮಾನ ಮತ್ತು ಕೃಷಿ ಸಲಹೆ ಕೊಡುವ ಸರ್ಕಾರಿ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಹೊಸದಾಗುತ್ತದೆ, ಆದ್ದರಿಂದ ಸೋಮವಾರ ಓದಿದರೆ ಹಳಸಲು. ಸಲಹೆ ಸಿದ್ಧಪಡಿಸುತ್ತಿದ್ದ ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಈಗ ದೊಡ್ಡ ವಲಯ ಕೇಂದ್ರಗಳಿಂದ ಸಲಹೆ ಬರುತ್ತದೆ, ಅದಕ್ಕೇ ಕೆಲವೊಮ್ಮೆ ನಿಮ್ಮೂರ ಬೆಳೆಗೆ ಹೊಂದುವುದಿಲ್ಲ ಎನಿಸಬಹುದು. ಅದರಲ್ಲಿನ ಮಳೆ, ಗಾಳಿ, ತೇವಾಂಶದ ಅಂಕಿಗಳನ್ನು ತೆಗೆದುಕೊಂಡು, ಬೆಳೆಯ ಸಲಹೆಯನ್ನು ಕೆವಿಕೆಯಿಂದ ಪಡೆಯುವುದು ಲೇಸು. ನಮ್ಮ ರಾಜ್ಯದಲ್ಲಿ ಇನ್ನೊಂದು ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ವರುಣಮಿತ್ರ ಸಹಾಯವಾಣಿ 92433 45433, ಹಗಲು ರಾತ್ರಿ ಇರುತ್ತದೆ. ಅಪ್ಪ ಕೀಪ್ಯಾಡ್ ಫೋನಿನಿಂದಲೇ ಕರೆ ಮಾಡಿ ಹೋಬಳಿ, ಪಂಚಾಯಿತಿ ಹೆಸರು ಹೇಳಿದರೆ ಸಾಕು.

ಇಂಥದ್ದೇ ಇನ್ನೊಂದು ನಂಬರು ಕಿಸಾನ್ ಕಾಲ್ ಸೆಂಟರ್: 1800 180 1551. 2004ರಿಂದ ಇದೆ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ, ಉಚಿತ. ‘ಟೊಮೆಟೊ ಬಾಡ್ತಿದೆ ಏನು ಹೊಡೀಬೇಕು’ ಎಂದು ಕೇಳಿದರೆ ಸಾಮಾನ್ಯ ಉತ್ತರವೇ ಬರುವುದು. ‘45 ದಿನದ ಗಿಡ, ಹಸಿರಿದ್ದಂತೆಯೇ ಬಾಡುತ್ತೆ, ಲೋಟದ ನೀರಿನಲ್ಲಿ ಬಿಳಿ ಎಳೆ ಬಂತು’ ಎಂದರೆ ಉತ್ತರವೂ ಅಷ್ಟೇ ಮೊನಚಾಗುತ್ತದೆ. ಗುಜರಾತಿನ ಹತ್ತಿ ರೈತರಿಗೆ ಆವಾಜ್ ಓಟಲೊ ಎಂಬ ಧ್ವನಿ ಸೇವೆ ಫೋನಿನಲ್ಲಿ ಹೀಗೇ ಸಲಹೆ ಕೊಟ್ಟಾಗ ಅವರು ಬಳಸುವ ಕೀಟನಾಶಕದ ಆಯ್ಕೆಯೇ ಬದಲಾದದ್ದು ಅಧ್ಯಯನದಲ್ಲಿ ಕಂಡಿದೆ. ಅಪ್ಪನಿಗೆ ಸ್ಮಾರ್ಟ್‌ಫೋನ್ ಇಲ್ಲವೆಂದು ಕೊರಗಬೇಡಿ, ಕೇಳಿ ಹೇಳುವ ಸೇವೆಗೆ ಕೀಪ್ಯಾಡ್ ಧಾರಾಳ ಸಾಕು.

ಇನ್ನು ರೇಟು. ಪೇಟೆ ದರ ತೋರಿಸುವ ಸರ್ಕಾರಿ ಜಾಲತಾಣಗಳಾದ ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್‌ಗಳಲ್ಲಿ ಪ್ರತಿ ಸರಕಿಗೆ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಗರಿಷ್ಠ. ಅದು ಆ ದಿನ ಒಂದೇ ಒಂದು ಲಾಟಿಗೆ ಸಿಕ್ಕಿದ್ದಿರಬಹುದು. ನೀವು ನೋಡಬೇಕಾದದ್ದು ಹೆಚ್ಚಿನ ಸರಕು ಮಾರಾಟವಾದ ಮಾದರಿ ದರ, ಜೊತೆಗೆ ಆವಕ (ಪೇಟೆಗೆ ಬಂದ ಸರಕು) ಎಷ್ಟು ಎಂಬುದು. ನಾಲ್ಕೈದು ದಿನದ ಆವಕ ಏರುತ್ತಿದ್ದರೆ ದರ ಇಳಿಯುವ ಸೂಚನೆ. ತೇವವನ್ನೂ ಲೆಕ್ಕ ಹಿಡಿಯಿರಿ. ಶೇ 20 ತೇವದ 100 ಕೆ.ಜಿ. ಗೋವಿನಜೋಳವನ್ನು ಶೇ 14ಕ್ಕೆ ಒಣಗಿಸಿದರೆ 93 ಕೆ.ಜಿ. ಆಗುತ್ತದೆ. ಅಂದರೆ ಹಸಿಗೆ ಕ್ವಿಂಟಲ್‌ಗೆ 2,000 ಸಿಗುತ್ತಿದ್ದರೆ ಒಣಗಿದ್ದಕ್ಕೆ 2,150 ಸಿಕ್ಕರೆ ಮಾತ್ರ ಸರಿಸಮ. ಕಣ, ತಾಡಪಾಲು, ಆಳಿನ ಖರ್ಚು ಬೇರೆ. ಫೋನಿನಲ್ಲಿ ಕಂಡ ದರ ಯಾವ ತೇವಕ್ಕೆ ಎಂದು ಕೇಳದೆ ಗಾಡಿ ಕಟ್ಟಬೇಡಿ.

ದರ ಗೊತ್ತಾದರೆ ದರ ಸಿಗುತ್ತದೆ ಎನ್ನುವ ಮಾತನ್ನು ಅರ್ಧ ಮಾತ್ರ ನಂಬಿ. ಉತ್ತರ ಕೇರಳದಲ್ಲಿ 1997ರ ನಂತರ ಮೊಬೈಲ್ ಬಂದಾಗ ಮತ್ತಿ ಮೀನಿನ ದರ ಒಂದೊಂದು ದಡದಲ್ಲಿ ಒಂದೊಂದಿದ್ದದ್ದು ಹತ್ತಿರ ಹತ್ತಿರ ಬಂತು. ದೋಣಿಯಲ್ಲಿದ್ದಾಗಲೇ ವಿಚಾರಿಸಿ ಬೇರೆ ದಡಕ್ಕೆ ತಿರುಗಿಸಬಹುದಿತ್ತು. ಮಹಾರಾಷ್ಟ್ರದ ರೈತರಿಗೆ ಎಸ್‌ಎಂಎಸ್‌ನಲ್ಲಿ ಮಂಡಿ ದರ ಕಳಿಸಿ ನೋಡಿದ ಅಧ್ಯಯನದಲ್ಲಿ ಅವರಿಗೆ ಸಿಕ್ಕ ದರದಲ್ಲಿ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ಟ್ರ್ಯಾಕ್ಟರ್ ಬಾಡಿಗೆ, ದಲ್ಲಾಳಿಯಿಂದ ತಂದ ಮುಂಗಡ ಇವು ಇರುವಲ್ಲಿ ಬೇರೆ ‘ದಡ’ ಇಲ್ಲ. 2025ರ ಹಂಗಾಮಿನಲ್ಲಿ ಗೋವಿನಜೋಳದ ಬೆಂಬಲ ಬೆಲೆ 2,400 ಎಂದು ಎಲ್ಲರ ಫೋನಿನಲ್ಲೂ ಇತ್ತು; ಪೇಟೆ ಅದಕ್ಕಿಂತ ಬಹಳ ಕೆಳಗಿತ್ತು. ದರದ ಮಾಹಿತಿ ಚೌಕಾಸಿಗೆ, ಮಾರುವ ವಾರ ಆರಿಸುವುದಕ್ಕೆ ನೆರವಾಗುತ್ತದೆ, ಖರೀದಿ ಕೇಂದ್ರದ ಕೆಲಸವನ್ನು ಅದು ಮಾಡಲಾರದು. ಅಂದಹಾಗೆ, ಎಪಿಎಂಸಿಯಲ್ಲಿ ರೈತರಿಂದ ಕಮಿಷನ್ ಹಿಡಿಯುವಂತಿಲ್ಲ, ಅದು ಕೊಳ್ಳುವವರ ಹೊರೆ. ಮಾರಾಟದ ಲೆಕ್ಕದ ಪಟ್ಟಿಯ ಫೋಟೊ ತಮ್ಮ ಕಳಿಸಿದಾಗ ಕಮಿಷನ್ ಹಿಡಿದಿದ್ದಾರೆಯೇ ಎಂದು ಮೊದಲು ನೋಡಿ.

ಬೆಂಗಳೂರಿನಲ್ಲಿ ಕೂತು ನೀವು ಮಾಡಬಹುದಾದ, ಎಲ್ಲಕ್ಕಿಂತ ದುಡ್ಡಿನ ಕೆಲಸ ಬೇರೆ ಇದೆ. ಮುಂಗಾರಿನಲ್ಲಿ ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮನಿಂದ ಬೆಳೆ ದಾಖಲು ಮಾಡಿಸಿ. ಸಿಗ್ನಲ್ ಇರುವಲ್ಲಿ ಸರ್ವೆ ನಂಬರಿನ ನಕ್ಷೆ ಇಳಿಸಿಕೊಂಡು, ಹೊಲದ ಒಳಗೇ ನಿಂತು ಫೋಟೊ ತೆಗೆದು, ಮತ್ತೆ ಸಿಗ್ನಲ್ ಇರುವಲ್ಲಿ ಬಂದು ಅಪ್‌ಲೋಡ್ ಮಾಡಬೇಕು. ಬದುವಿನ ಮೇಲೆ ನಿಂತರೆ ಜಿಪಿಎಸ್ ಪಕ್ಕದ ಹೊಲ ತೋರಿಸಬಹುದು. ಮೂರೂವರೆ ಎಕರೆ ಒಂದೇ ಸರ್ವೆ ನಂಬರಿನಲ್ಲಿದ್ದರೆ ಟೊಮೆಟೊದ 20 ಗುಂಟೆಯನ್ನು ಬೇರೆಯಾಗಿ ತೋರಿಸಲೇಬೇಕು. ನೀವು ಮಾಡದಿದ್ದರೆ ಊರಿಗೆ ನೇಮಿಸಿದ ‘ಖಾಸಗಿ ನಿವಾಸಿ’, ಅಂದರೆ ಸಮೀಕ್ಷೆಗೆ ಗೊತ್ತುಮಾಡಿದ ಸ್ಥಳೀಯರು, ಬಂದು ಮಾಡುತ್ತಾರೆ. ಅವರು ಏನು ಬರೆದರೆಂದು ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಬೆಳೆ ಪರಿಹಾರ, ಬೆಂಬಲ ಬೆಲೆ ಖರೀದಿಗೆ ಈ ದಾಖಲೆಯೇ ಆಧಾರ. ವಿಮೆ ಗೋವಿನಜೋಳಕ್ಕೆ ಕಟ್ಟಿ ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಆಲಿಕಲ್ಲು, ನೆರೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು, ವಿಮೆಯ ಸಹಾಯವಾಣಿ 14447. ಈ ನಂಬರು, ಮೇಲೆ ಹೇಳಿದ ಎರಡು, ಸರ್ವೆ ನಂಬರು, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಲು ತಮ್ಮನಿಗೆ ಹೇಳಿ. ‘ಪಿಎಂ ಕಿಸಾನ್’ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ, ಒತ್ತಿದರೆ ಆ್ಯಪ್ ಅಳವಡಿಸುವ ಎಪಿಕೆ ಫೈಲನ್ನು ಮಾತ್ರ ಯಾರೂ ಒತ್ತಬಾರದು, ಅದು ಬ್ಯಾಂಕ್ ಖಾತೆ ಖಾಲಿ ಮಾಡುವವರ ಬಲೆ.